ಅಕ್ಕನ ಪ್ಲಾಸ್ಟಿಕ್ ಕೊಳವೆ

ಅಕ್ಕಾ,

ನೀನು ಓದಲಾರೆ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಇವತ್ತು ನಮ್ಮ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳಿಗೆ ಉಬ್ಬಸ ಜೋರಾಗಿ ಮಾತೇ ನಿಂತಿತು. ನರ್ಸಮ್ಮ ಇನ್ಹೇಲರನ್ನು ಪ್ಲಾಸ್ಟಿಕ್ ಕೊಳವೆಗೆ ಸಿಕ್ಕಿಸಿ, ಒಂದೊಂದೇ ಸಲ ಒತ್ತಿ ಉಸಿರು ಎಳೆಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಅವಳು, "ನನ್ನ ಕತ್ತರಿ ಯಾರೂ ಮುಟ್ಬೇಡ್ರೇ" ಎಂದು ಗದರಿದಳು. ಎಲ್ಲರೂ ನಕ್ಕರು.

"ನೆಬ್ಯುಲೈಸರ್ ಮಿಷನ್ ಬೇಡ್ವಾ?" ಎಂದು ಕೇಳಿದೆ.

"ಔಷಧಿ ಅದೇ ಕಣಮ್ಮ. ದೊಡ್ಡೋರಿಗೆ ಕೊಳವೇಲಿ ಕೊಟ್ರೂ ಹೆಚ್ಚುಕಮ್ಮಿ ಅಷ್ಟೇ ಕೆಲಸ ಮಾಡುತ್ತೆ. ಕಾಯ್ತಾ ಕೂರ್ಬಾರ್ದು, ಅಷ್ಟೆ."

ಅಂದು ಉಬ್ಬಸ ಜೋರಾಗಿ ನೀನು ನಿನ್ನ ಇನ್ಹೇಲರ್ ಕೊಳವೆಯನ್ನು ಬಾಯಿಗಿಟ್ಟಾಗ, "ಈ ಪೀಪಿಯಿಂದ ಏನಾಗುತ್ತೆ, ಮಿಷನ್ ತರ್ತೀನಿ ತಡಿ" ಎಂದು ಕಿತ್ತುಕೊಂಡು ಪಕ್ಕದ ಬೀದಿಗೆ ಓಡಿದೆ. ಮಿಷನ್ ಹೊತ್ತು ಬರುವಷ್ಟರಲ್ಲಿ ನಿನ್ನ ಉಸಿರು ನಿಂತಿತ್ತು. ಕೊಳವೆ ಆಗಲೂ ನನ್ನ ಕೈಯಲ್ಲೇ ಇತ್ತು.

ಕೊಳವೆ ಎಲ್ಲಿತ್ತು ಎಂದು ಭಾವ ಕೇಳಿದಾಗ, ಅದು ಮನೆಯಲ್ಲೆಲ್ಲೂ ಸಿಗಲಿಲ್ಲ ಎಂದುಬಿಟ್ಟೆ.