ಕೇಣಿಯ ನೀರಿನ ಮೇಲೆ ಎರಡು ಹನಿ ತೆಂಗಿನೆಣ್ಣೆ

ಮಾನ್ಯ ಕರಾವಳಿ ಜಲ ಪರಿಶೀಲನಾಧಿಕಾರಿಗಳೇ,

ಮೂರು ವಾರಗಳಿಂದ ಅಂಕೋಲೆ ಪಕ್ಕದ ಕೇಣಿಯ ದೋಣಿಗಳು ತಮ್ಮದೇ ಊರಿನ ದಡಕ್ಕೆ ಬರುವಂತಿಲ್ಲ. ದೋಣಿಗಳಿಂದ ಡೀಸೆಲ್ ಸೋರುತ್ತಿದೆಯೆಂಬ ತಮ್ಮ ನೋಟೀಸು ಮೀನು ಹರಾಜಿನ ಶೆಡ್ಡಿನ ಕಂಬಕ್ಕೆ ಭದ್ರವಾಗಿ ಅಂಟಿಕೊಂಡಿದೆ. ಸೋರಿದ್ದು ಡೀಸೆಲ್ ಅಲ್ಲವೆಂದು ನಾನು ಎರಡು ಸಲ ಬರೆದೆ. ಎರಡು ಸಲವೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ನೀರಿನ ಮೇಲಿನ, ಒಂದು ಅಣುವಿನಷ್ಟು ದಪ್ಪದ ಎಣ್ಣೆಪದರದ ಬಗ್ಗೆ ತಮ್ಮ ಕಡತ ಈಗ ನಾಲ್ಕು ಬೆರಳು ದಪ್ಪವಾಗಿದೆಯಂತೆ. ಅದಕ್ಕೇ ಮೂರನೆಯ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ತಮ್ಮ ನೋಟೀಸಿಗೆ ಆಧಾರವಾದ ವರದಿ ಬರೆದವಳು ನಾನೇ. ಕಾರವಾರದಲ್ಲಿ ನಮ್ಮದೊಂದು ಪುಟ್ಟ ಪ್ರಯೋಗಾಲಯವಿದೆ. ನೀರು ಮತ್ತು ಗಾಳಿ ಕೂಡುವ ಗಡಿಯಲ್ಲಿ ಅಣುಗಳು ಹೇಗಿರುತ್ತವೆ ಎಂದು ನೋಡುವುದು ನಮ್ಮ ಕೆಲಸ. ಕಣ್ಣಿಗೆ ಕಾಣುವ ಒಂದು ಬೆಳಕನ್ನೂ ಕಾಣದ ಒಂದು ಅವಕೆಂಪು ಬೆಳಕನ್ನೂ ಒಟ್ಟಿಗೆ ನೀರಿನ ಮೇಲೆ ಬಿಟ್ಟರೆ, ಎರಡೂ ಕೂಡಿ ಮೂರನೆಯದೊಂದು ಬೆಳಕು ಹುಟ್ಟುತ್ತದೆ. ಅದು ಗಡಿಯಿಂದ ಮಾತ್ರ ಬರುತ್ತದೆ. ನೀರಿನ ಒಳಗಿನ ಅಣುಗಳು ಸಂತೆಯ ಜನರ ಹಾಗೆ ಒಂದೊಂದು ದಿಕ್ಕಿಗೆ ಮುಖ ಮಾಡಿರುವುದರಿಂದ ಒಂದರ ದನಿಯನ್ನು ಇನ್ನೊಂದು ಅಳಿಸಿಬಿಡುತ್ತದೆ. ಮೇಲಿನವು ಮಾತ್ರ ಒಂದೇ ಕಡೆ ನೋಡುತ್ತವೆ.

ಆ ಬೆಳಕು ಎಷ್ಟು ಜೋರಾಗಿದೆ ಎಂದಷ್ಟೇ ಅಳೆದರೆ ಎಣ್ಣೆಯಂಥ ಅಣು ಇದೆ ಎಂದು ಗೊತ್ತಾಗುತ್ತದೆ; ಅದು ತಲೆ ಮೇಲೋ ಕೆಳಗೋ ಎಂಬುದು ಗೊತ್ತಾಗುವುದಿಲ್ಲ. ಅದನ್ನು ತಿಳಿಯಲು, ಮೊದಲೇ ಗೊತ್ತಿರುವ ಇನ್ನೊಂದು ಬೆಳಕನ್ನು ಪಕ್ಕದಲ್ಲಿಟ್ಟು ಎರಡರ ಅಲೆಗಳೂ ಒಟ್ಟಿಗೆ ಏರಿಳಿಯುತ್ತವೆಯೋ, ಒಂದು ಏರುವಾಗ ಇನ್ನೊಂದು ಇಳಿಯುತ್ತದೆಯೋ ಎಂದು ನೋಡಬೇಕು. ಇದಕ್ಕೆ ದಿನಗಟ್ಟಲೆ ತಾಳ್ಮೆ ಬೇಕು. ನಾನು ತಾಳಲಿಲ್ಲ. 'ಎಣ್ಣೆಯಂಥ ಪದರ ಕಂಡಿದೆ, ಅಣುಗಳ ದಿಕ್ಕು ಇನ್ನೂ ತಿಳಿದಿಲ್ಲ' ಎಂದು ಬರೆದು ಕಳಿಸಿದೆ. ತಾವು ವಾಕ್ಯದ ಮೊದಲರ್ಧ ಓದಿ ಮುದ್ರೆ ಒತ್ತಿದಿರಿ. ಉಳಿದರ್ಧಕ್ಕೆ ತಮ್ಮ ಕಚೇರಿಯಲ್ಲಿ ಬೇರೆ ಸಿಬ್ಬಂದಿ ಇದ್ದಾರೆಯೇ?

ಆಮೇಲೆ ದಿಕ್ಕು ಸಿಕ್ಕಿತು. ಅಣುಗಳು ತಲೆಯನ್ನು ನೀರಿಗಿಟ್ಟು ಬಾಲವನ್ನು ಗಾಳಿಗೆ ಬಿಟ್ಟು ಶಿಸ್ತಾಗಿ ನಿಂತಿದ್ದವು. ಡೀಸೆಲ್ಲಿಗೆ ಹಾಗೆ ನೀರಿಗಂಟುವ ತಲೆಯೇ ಇಲ್ಲ. ಅದು ಅಡ್ಡಾದಿಡ್ಡಿ ಬಿದ್ದಿರುತ್ತದೆ. ಇದು ಅಡುಗೆಮನೆಯ ಎಣ್ಣೆಯ ಲಕ್ಷಣ. ಸಮುದ್ರದಲ್ಲಿ ಅಡುಗೆ ಮಾಡಿದವರು ಯಾರು? ಗಾಜಿನ ಹಲಗೆ ಅದ್ದಿ ನೀರಿನ ಮೇಲ್ಪದರದ ಮಾದರಿ ತೆಗೆಯಲು ನಮ್ಮನ್ನು ದೋಣಿಯಲ್ಲಿ ಕರೆದೊಯ್ದ ಕೇಣಿಯ ಜಟ್ಟಪ್ಪನವರನ್ನೇ ಹೋಗಿ ಕೇಳಿದೆ.

"ನಾನೇ ಅಕ್ಕೋರೆ, ಎರಡ್ ಹನಿ ತೆಂಗಿನೆಣ್ಣೆ ಬಿಟ್ಟೆ," ಅಂದರು, ಬಲೆಯಿಂದ ಕಣ್ಣೆತ್ತದೆ. "ಗಾಜಿನ ಹಲಗೆ ಇಳಿಸೂಕೆ ನೀರು ಸುಮ್ನೆ ಇರ್ಬೇಕು ಅಂದ್ರಲ್ಲ ನೀವು? ಎಣ್ಣೆ ಬಿಟ್ರೆ ನೀರು ಕುಣಿಯೂದಿಲ್ಲ, ತಳ ಚಲೋ ಕಾಣ್ತದೆ. ನಮ್ಮಪ್ಪನೂ ಹಂಗೇ ಮಾಡ್ತಿದ್ದ."

"ನನಗೆ ಹೇಳಲಿಲ್ಲವಲ್ಲ?"

"ಹೇಳೂದು ಯಾರಿಗೆ? ನೀವು ವಾಂತಿ ಬರ್ತದೆ ಅಂತ ಕಣ್ಮುಚ್ಚಿ ಕೂತಿದ್ರಿ."

ನಿಜ. ಅಂಕೋಲೆಯಲ್ಲೇ ಹುಟ್ಟಿ ಬೆಳೆದವಳು, ದೋಣಿ ಅಲುಗಿದರೆ ನನಗೆ ಲೋಕವೇ ಬೇಡ. ಪಕ್ಕದಲ್ಲಿ ಬುಟ್ಟಿ ತೊಳೆಯುತ್ತಿದ್ದ ಅವರ ಹೆಂಡತಿ ಚಂಪಕ್ಕ ನಗು ತಡೆಯಲಾರದೆ ಅಂದರು: "ಮೀನ್ ಹಿಡೂದ್ ಬಿಟ್ಟು ವಿಜ್ಞಾನ ಮಾಡೂಕೆ ಹೋದ್ರೆ ಹಿಂಗೇ ಆಗೂದು. ನಾನು ತಲೆಗೆ ಹಚ್ಕಂಬೂಕೆ ಇಟ್ಟ ಬಾಟ್ಲಿ ಅದು!"

ಅವರು ನಕ್ಕರು, ನನಗೆ ನಗಲಾಗಲಿಲ್ಲ. ಗಂಡನ ಮೀನು ಈಗ ದೂರದ ಇನ್ನೊಂದು ಬಂದರಿನಲ್ಲಿ ಇಳಿಯುತ್ತದೆ. ಚಂಪಕ್ಕ ಎರಡು ಬಸ್ಸು ಬದಲಿಸಿ ಅಲ್ಲಿಂದ ಬುಟ್ಟಿ ತರಬೇಕು. ಬುಟ್ಟಿಯಿಂದ ನೀರು ಸುರಿಯುತ್ತದೆಂದು ಕಂಡಕ್ಟರು ಒಮ್ಮೆ ದಾರಿಯಲ್ಲೇ ಇಳಿಸಿದ್ದಾನೆ. ಅಂಕೋಲೆಯ ಮೀನುಪೇಟೆಗೆ ಮುಟ್ಟುವಷ್ಟರಲ್ಲಿ ಅವರ ಖಾಯಂ ಗಿರಾಕಿಗಳು ಮನೆಗೆ ಹೋಗಿ ಸಾರು ಕುದಿಸಿರುತ್ತಾರೆ, ಚಂಪಕ್ಕ ಕೂತು ಮಾರುವ ಜಾಗದಲ್ಲಿ ಬೇರೆಯವರು ಕೂತಿರುತ್ತಾರೆ. ಹೀಗೇ ಇನ್ನೊಂದು ತಿಂಗಳು ಹೋದರೆ ಆ ಜಾಗ ಅವರಿಗೆ ತಿರುಗಿ ಸಿಗುವುದಿಲ್ಲ. ಈ ಯೋಚನೆಗೆ ನನಗೆ ನಿದ್ದೆ ಹತ್ತುತ್ತಿಲ್ಲ.

ಇಷ್ಟನ್ನೂ ಹೇಳಲು ತಮ್ಮ ಕಚೇರಿಗೆ ಬಂದೆ. 'ನಮ್ಮ ನಮೂನೆಯಲ್ಲಿ ಪ್ರಮಾಣಕ್ಕೆ ಕಾಲಂ ಇದೆ ಮೇಡಂ, ದಿಕ್ಕಿಗೆ ಇಲ್ಲ' ಎಂದು ತಮ್ಮ ಗುಮಾಸ್ತರು ಬಹಳ ವಿನಯದಿಂದ ತಿಳಿಸಿದರು. ತಾವು ಇನ್ನೂ ಒಂದು ಹೆಜ್ಜೆ ಮುಂದೆ ಹೋದಿರಿ. ಸಮುದ್ರಕ್ಕೆ ಎಣ್ಣೆ ಸುರಿದದ್ದು ತಾನೇ ಎಂದು ಜಟ್ಟಪ್ಪ ಬರೆದುಕೊಟ್ಟರೆ ನೋಟೀಸು ತೆಗೆಯುವುದಾಗಿಯೂ, ಬಳಿಕ ಆ ಬರಹದ ಮೇಲೆ ಅವರ ವಿರುದ್ಧ ಕ್ರಮ ಕೈಗೊಳ್ಳುವುದಾಗಿಯೂ ಹೇಳಿದಿರಿ. ಎಂಥ ಔದಾರ್ಯ! ನನಗೆ ಸಹಾಯ ಮಾಡಲು ಎರಡು ಹನಿ ಬಿಟ್ಟ ಮನುಷ್ಯ ಈಗ ಸಮುದ್ರವನ್ನು ಕೆಡಿಸಿದವನೇ? ಹಾಗಾದರೆ ತಲೆಗೆ ಎಣ್ಣೆ ಹಚ್ಚಿಕೊಂಡು ಕಾರವಾರದ ಕಡಲಲ್ಲಿ ಮೀಯುವವರನ್ನೆಲ್ಲ ಯಾವಾಗ ಹಿಡಿಸುತ್ತೀರಿ?

ಕಳೆದ ಭಾನುವಾರ ಮತ್ತೆ ಹೋಗಿ ಹೊಸ ಮಾದರಿ ತಂದಿದ್ದೇವೆ. ಬಾಟಲಿಯನ್ನು ಚಂಪಕ್ಕ ಮನೆಯಲ್ಲೇ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಈ ಸಲ ದಿಕ್ಕನ್ನೂ ಅಳೆದೇ ಬರೆಯುತ್ತಿದ್ದೇನೆ: ಡೀಸೆಲ್ಲೂ ಇಲ್ಲ, ತೆಂಗಿನೆಣ್ಣೆಯೂ ಇಲ್ಲ, ಎಲ್ಲ ಕಡಲಿನಲ್ಲೂ ಇರುವಂಥ ಮೇಲ್ಪದರವಷ್ಟೇ ಇದೆ. ವರದಿ ಲಗತ್ತಿಸಿದೆ. ದಯವಿಟ್ಟು ವಾಕ್ಯಗಳನ್ನು ಪೂರ್ಣವಿರಾಮದವರೆಗೂ ಓದಿ.

ಬೇಡಿಕೆ ಒಂದೇ. ಸೋಮವಾರ ಬೆಳಗಾಗುವ ಮೊದಲು ಆ ನೋಟೀಸನ್ನು ಕಿತ್ತು ತೆಗೆಯಿರಿ. ಜಟ್ಟಪ್ಪನವರಿಂದ ನಾನು ಏನನ್ನೂ ಬರೆಸಿಕೊಡುವುದಿಲ್ಲ. ತಾವು ತೆಗೆದರೂ ತೆಗೆಯದಿದ್ದರೂ ಸೋಮವಾರ ಅವರ ದೋಣಿ ಕೇಣಿಯ ದಡಕ್ಕೇ ಬರುತ್ತದೆ, ಅದರಲ್ಲಿ ನಾನೂ ಇರುತ್ತೇನೆ. ಕೇಸು ಹಾಕುವುದಿದ್ದರೆ ಮೊದಲ ಹೆಸರು ನನ್ನದು ಬರೆದುಕೊಳ್ಳಿ.

ಇಂತಿ,
ಅವಸರದಲ್ಲಿ ವರದಿ ಬರೆದು ಈಗ ನಿಧಾನವಾಗಿ ಅನುಭವಿಸುತ್ತಿರುವ
ವಿಜೇತಾ, ಕಾರವಾರ