ಮೊಣಕಾಲಿನ ಮುಲಾಮು

ಬಾಡಿಗೆ ಮನೆ, ಮೂರನೇ ಮಹಡಿ
ಏಪ್ರಿಲ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರ.

ನಿನ್ನ ಮೈ ಹೇಗಿದೆ? ಸರಿಯಾಗಿ ಊಟ ಮಾಡುತ್ತಿಲ್ಲ, ಬೆಳಗಾದರೆ ಸುಸ್ತು ಅಂತ ಮಲಗಿಬಿಡುತ್ತೀ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ಬಿಸಿಲಿಗೋ, ನಿನ್ನ ನಾಲ್ಕು ಮಕ್ಕಳ ಕಾಟಕ್ಕೋ? ನಿನ್ನನ್ನೇ ಕೇಳೋಣ ಅಂದರೆ ನಿಮ್ಮ ಮನೆ ಫೋನು ಭಾವನ ಜೇಬಿನಲ್ಲಿ, ನಮ್ಮ ಮನೆ ಗೋಡೆ ಕಾಗದದಷ್ಟು ತೆಳು. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದ್ದರೆ ನಗಬೇಡ. ನಾಲ್ಕನೇ ಕ್ಲಾಸು ಬಿಟ್ಟಮೇಲೆ ಇಷ್ಟುದ್ದ ಬರೆದದ್ದು ಇದೇ ಮೊದಲು.

ಪಾಪು ಗೋಡೆ ಹಿಡಿದು ನಿಲ್ಲುತ್ತಾಳೆ. ನಾನು ಹೋಟೆಲಿನ ಬಟ್ಟೆ ಒಗೆಯುವ ಕಡೆ ಕೆಲಸಕ್ಕೆ ಹೋಗುತ್ತಿದ್ದೇನೆ. ದಿನಕ್ಕೆ ಮುನ್ನೂರು ಹಾಸಿಗೆ ಬಟ್ಟೆ ಮಡಿಸಬೇಕು, ಎಲ್ಲ ಬಿಳಿ. ಮನೆಗೆ ಬಂದು ಕಣ್ಣು ಮುಚ್ಚಿದರೂ ಬಿಳಿಯೇ ಕಾಣುತ್ತದೆ. ಸುಸ್ತು ಅನ್ನುವುದಕ್ಕೂ ಸುಸ್ತು ಅಕ್ಕ.

ನೀನು ಪಾಪುವಿನ ಕಾಲುಚೀಲದೊಳಗೆ ಸುತ್ತಿ ಕಳಿಸುತ್ತಿದ್ದ ಮಾತ್ರೆ ಪಟ್ಟಿ ಹೋದ ತಿಂಗಳು ತಡವಾಯಿತು. ಹನ್ನೊಂದು ದಿನ ಮಾತ್ರೆ ಇಲ್ಲ. ಹೆರಿಗೆಯಲ್ಲಿ ರಕ್ತ ನಿಲ್ಲದೆ ನಾನು ತಣ್ಣಗಾದದ್ದು ನೀನೇ ನೋಡಿದ್ದೀಯ. ಮೂರು ವರ್ಷ ಇನ್ನೊಂದರ ಮಾತೇ ಬೇಡ ಅಂತ ಡಾಕ್ಟರಮ್ಮ ಹೇಳಿದ್ದು ನಿನ್ನ ಎದುರಿಗೇ. ಇವರೂ ಹೆದರಿಕೊಂಡರು. ಆದರೆ ಈ ಪರದೇಶದಲ್ಲಿ ಆಸ್ಪತ್ರೆಗೆ ಹೋಗಬೇಕಾದರೆ ಮೊದಲು ಕಾರ್ಡು, ಕಾರ್ಡಿಗೆ ವಿಳಾಸದ ಕಾಗದ. ನಾವೆಲ್ಲ ಒಟ್ಟಿಗಿರುವ ಈ ಮನೆಯ ಕಾಗದ ಇರುವುದು ಇವರ ಅಕ್ಕನ, ಅಂದರೆ ನಮ್ಮ ಅತ್ತಿಗೆಯ ಹೆಸರಿನಲ್ಲಿ. ಭಾಷೆ ಬರುವುದೂ ಅವರಿಗೊಬ್ಬರಿಗೇ. ಹಾಗಾಗಿ ಆಸ್ಪತ್ರೆಗೆ ಅವರೇ ಕರೆದುಕೊಂಡು ಹೋದರು.

ಅತ್ತಿಗೆಗೆ ಮದುವೆಯಾಗಿ ಹನ್ನೆರಡು ವರ್ಷ, ಮಕ್ಕಳಿಲ್ಲ. ಪಾಪುವಿನ ಬಟ್ಟೆಯನ್ನು ನನಗೆ ಒಗೆಯಲು ಬಿಡುವುದಿಲ್ಲ. ಅಂಥವರ ಮುಂದೆ ನನಗೆ ಮಗು ಬೇಡ, ಅದಕ್ಕೆ ಔಷಧಿ ಕೊಡಿಸಿ ಅಂತ ಹೇಗೆ ಬಾಯಿ ಬಿಡಲಿ? ಡಾಕ್ಟರು ಏನಾಗಿದೆ ಅಂದರು, ಅತ್ತಿಗೆ ನನ್ನ ಮುಖ ನೋಡಿದರು, ನಾನು ಮೊಣಕಾಲು ನೋವು ಅಂದುಬಿಟ್ಟೆ. ಮುಲಾಮು ಕೊಟ್ಟರು. ಅವತ್ತಿನಿಂದ ದಿನಾ ಸಂಜೆ ಅತ್ತಿಗೆ ನನ್ನನ್ನು ಕೂರಿಸಿಕೊಂಡು, ಏನೂ ಆಗದ ಮೊಣಕಾಲಿಗೆ ಮುಲಾಮು ತಿಕ್ಕಿದ್ದೇ ತಿಕ್ಕಿದ್ದು. "ನಿಂತು ನಿಂತು ಹಿಂಗಾಗಿದೆ ಕಣೇ" ಅನ್ನುತ್ತಿದ್ದರು. ನಾನು ಆಗಾಗ ನರಳುತ್ತಿದ್ದೆ. ನಗಬೇಡ ಅಂದೆನಲ್ಲ.

ಮುಲಾಮು ಮುಗಿಯಿತು, ಆದರೆ ನನ್ನ ಹೆದರಿಕೆ ಮುಗಿಯಲಿಲ್ಲ. ಹೋದ ವಾರ ಅತ್ತಿಗೆಗೆ ರಜೆ ಸಿಗಲಿಲ್ಲ, ಒಬ್ಬಳೇ ಹೋದೆ. ಅಲ್ಲಿ ಗೋಡೆಯ ಮೇಲೆ ಒಂದು ಹಾಳೆ, ಎಷ್ಟೋ ಭಾಷೆಗಳಲ್ಲಿ ಒಂದೊಂದು ಸಾಲು. ಕೊನೆಯಿಂದ ಮೂರನೆಯದು ಕನ್ನಡ: ನಿಮ್ಮ ಭಾಷೆಯನ್ನು ಬೆರಳಿಟ್ಟು ತೋರಿಸಿ. ಎರಡು ಸಲ ಓದಿ ಬೆರಳಿಟ್ಟೆ. ಆಸ್ಪತ್ರೆಯವರು ಫೋನು ಹಚ್ಚಿದರು. ಆ ಕಡೆಯಿಂದ ಯಾರೋ ಹೆಂಗಸು, ನಮ್ಮ ಮಾತು! ನಾನು ಹೇಳಿದ್ದನ್ನು ಡಾಕ್ಟರಿಗೆ ಅವರ ಭಾಷೆಯಲ್ಲಿ ಹೇಳುವವಳಂತೆ. ನನಗೆ ಅಳುವೇ ಬಂತು. ಆಗಲೂ ಮೊಣಕಾಲು ಅಂತಲೇ ಶುರು ಮಾಡಿದೆ. ಅವಳು, "ನಾಚ್ಕೋಬೇಡಿ ಅಮ್ಮ, ನಾನು ನಿಮ್ಮ ಮುಖ ನೋಡ್ತಿಲ್ಲ, ನೀವೂ ನನ್ನ ಮುಖ ನೋಡ್ತಿಲ್ಲ" ಅಂದಳು. ಎಲ್ಲ ಹೇಳಿಬಿಟ್ಟೆ. ಪರೀಕ್ಷೆ ಮಾಡಿ ಬಸಿರು ನಿಂತಿಲ್ಲ ಅಂದರು. ತೋಳಿನ ಚರ್ಮದ ಕೆಳಗೆ ಬೆಂಕಿಕಡ್ಡಿಯಂಥ ಒಂದು ಮೆತ್ತನೆಯ ಕಡ್ಡಿ ಇಟ್ಟರು. ಮೂರು ವರ್ಷ ಯೋಚನೆಯಿಲ್ಲವಂತೆ, ಬೇಡವಾದರೆ ತೆಗೆಯುತ್ತಾರಂತೆ.

ತೋಳಿಗೆ ಸುತ್ತಿದ ಬ್ಯಾಂಡೇಜು ಮುಚ್ಚಿಡಲು ಉದ್ದ ತೋಳಿನ ಅಂಗಿ ಹಾಕಿದೆ. ಪಾತ್ರೆ ತೊಳೆಯುವಾಗ ಅಂಗಿಯ ತೋಳು ಮೇಲೆ ಸರಿಯಿತು. ಅತ್ತಿಗೆ ನೋಡಿದರು. "ಮೊಣಕಾಲು ನೋವು ತೋಳಿಗೆ ಹತ್ತಿತಾ?" ಅಂದರು. ನನ್ನ ಕೈಯಿಂದ ಪಾತ್ರೆ ಕಸಿದುಕೊಂಡು, "ಅಷ್ಟು ದಿನ ನನ್ನ ಕೈಯಲ್ಲಿ ಕಾಲು ಒತ್ತಿಸಿಕೊಂಡೆಯಲ್ಲೇ, ಕಳ್ಳಿ" ಅಂದರು. ಮೂರು ದಿನ ಭಾರ ಎತ್ತಲು ಬಿಡಲಿಲ್ಲ. ನಮ್ಮತ್ತೆ ಫೋನು ಮಾಡಿ ಇನ್ನೊಂದು ಮೊಮ್ಮಗು ಯಾವಾಗ ಅಂತ ಕೇಳಿದಾಗ ಅತ್ತಿಗೆಯೇ ಫೋನು ತೆಗೆದುಕೊಂಡು, "ಅವಳಿಗೆ ಮೊಣಕಾಲು ನೋವಮ್ಮ, ಈಗೇನೂ ಕೇಳ್ಬೇಡ" ಅಂದರು. ಆಮೇಲೆ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದರು.

ಮಕ್ಕಳಿಗೆ ಮುತ್ತು, ಭಾವನಿಗೆ ನಮಸ್ಕಾರ. ಈ ಕಾಗದವನ್ನು ಅಮ್ಮನ ವಿಳಾಸಕ್ಕೆ ಹಾಕುತ್ತೇನೆ, ಓದಿ ಒಲೆಗೆ ಹಾಕು.

ಇಂತಿ ನಿನ್ನ ತಂಗಿ,
ಪುಟ್ಟಿ

ಲಕೋಟೆ ಅಂಟಿಸುವ ಮೊದಲು ಇದೊಂದು: ಮಾತ್ರೆ ಯಾವುದು ಅಂತ ಫೋನಿನವಳು ಕೇಳಿದಾಗ ಖಾಲಿ ಪಟ್ಟಿ ತೆಗೆದು ನೋಡಿದೆ. ಅದರ ಹಿಂಬದಿಯಲ್ಲಿ ನಮ್ಮೂರ ಆಸ್ಪತ್ರೆಯ ಸಿಸ್ಟರಮ್ಮ ಪೆನ್ನಿನಲ್ಲಿ ಬರೆದ ನಿನ್ನ ಹೆಸರು. ಅವರು ಒಬ್ಬರಿಗೆ ತಿಂಗಳಿಗೆ ಒಂದೇ ಪಟ್ಟಿ ಕೊಡುವುದಲ್ಲವಾ? ಏಳು ತಿಂಗಳು ನಿನ್ನದನ್ನು ನಾನು ನುಂಗಿದೆ. ನೀನು ಏನು ನುಂಗಿದೆ ಅಕ್ಕ? ಇನ್ನು ಕಳಿಸಬೇಡ. ಬೆಳಗಿನ ಆ ಸುಸ್ತು ಬಿಸಿಲಿನದೇ ತಾನೇ? ನಾಳೆಯೇ ಸಿಸ್ಟರಮ್ಮನ ಹತ್ತಿರ ಹೋಗು. ಮೊಣಕಾಲು ನೋವು ಅನ್ನಬೇಡ.