ಇಳಿಜಾರಿನಲ್ಲಿ ನಿಂತ ಗಾಡಿ

ಭಾನುವಾರ, ಮಾರ್ಚ್ ೯
ನಿಲ್ದಾಣದ ಹಿಂದಿನ ಮನೆ

ನನ್ನ ಮುದ್ದು ಮಗಳೇ,

ಮಗು ಹುಟ್ಟಿ ಹನ್ನೆರಡು ದಿನವಾಯಿತು, ಅಜ್ಜಿ ಇನ್ನೂ ಮುಖ ತೋರಿಸಿಲ್ಲ. ರಜೆ ಸಿಗಲಿಲ್ಲ ಎಂದು ಫೋನಿನಲ್ಲಿ ಮೂರು ಸಲ ಹೇಳಿದೆ. ಮೂರನೇ ಸಲ ನೀನು ‘ಆಯ್ತಮ್ಮ’ ಎಂದಷ್ಟೇ ಹೇಳಿ ಫೋನಿಟ್ಟೆ. ಆ ‘ಆಯ್ತಮ್ಮ’ ಕಿವಿಯಿಂದ ಹೋಗುತ್ತಿಲ್ಲ. ರಜೆ ಸಿಕ್ಕಿತ್ತು. ಫೋನಿನಲ್ಲಿ ನನಗೆ ಸುಳ್ಳು ಸಲೀಸಾಗಿ ಬರುತ್ತದೆ, ಅದಕ್ಕೇ ಈ ಕಾಗದ.

ಬೆಟ್ಟದ ಗಾಡಿ ಮತ್ತೆ ಶುರುವಾದಾಗ ನಾನೆಷ್ಟು ಹಿಗ್ಗಿದ್ದೆನೆಂದು ನಿನಗೆ ಗೊತ್ತು. ಹದಿನೇಳು ವರ್ಷ ಹಳಿಯ ಮೇಲೆ ಪೊದೆ ಬೆಳೆದಿತ್ತು. ಅಷ್ಟೂ ವರ್ಷ ಅಂಗಡಿಯಲ್ಲಿ ಬಟ್ಟೆ ಮಡಚಿಕೊಂಡಿದ್ದ ನನ್ನನ್ನು ಗಾರ್ಡ್ ಕೆಲಸಕ್ಕೆ ವಾಪಸ್ ಕರೆದರು. ಆ ಇಳಿಜಾರು ಬಲ್ಲವರೆಂದು ಉಳಿದಿದ್ದದ್ದು ನಾನು ಮತ್ತು ನಿನ್ನ ಡ್ರೈವರ್ ಮಾಮ ಇಬ್ಬರೇ. ಈಗಿನದು ಪ್ರವಾಸಿಗರ ಗಾಡಿ. ಗಾಜಿನ ಚಾವಣಿ, ತಿರುಗುವ ಕುರ್ಚಿ. ಕೊನೆಯ ಡಬ್ಬಿ ನನ್ನದು, ಅದರಲ್ಲೂ ಅರ್ಧ ಅಂಗಡಿ. ಬಾವುಟ ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಆಟಿಕೆ ಎಂಜಿನ್ ಮಾರುತ್ತೇನೆ, ಮೈಕ್ ಹಿಡಿದು ಎಡಗಡೆ ಜಲಪಾತ, ಬಲಗಡೆ ಕಣಿವೆ ಎನ್ನುತ್ತೇನೆ. ಮಂಜು ಕವಿದು ಏನೂ ಕಾಣದ ದಿನವೂ ಹಾಗೇ ಹೇಳಬೇಕು. ದಿನಕ್ಕೆ ಎರಡು ಸಲ ಹತ್ತಿ ಎರಡು ಸಲ ಇಳಿದು, ಮಂಡಿಯೂ ಸವೆಯಿತು, ಗಂಟಲೂ ಸವೆಯಿತು.

ನಿನ್ನ ಬಳಿ ಹೊರಡಲು ಎರಡು ದಿನವಿತ್ತು. ಆವತ್ತಿನ ಎರಡನೇ ಇಳಿತ. ಸುರಂಗ ದಾಟಿದ ಮೇಲೆ ಗಾಡಿ ನಿಧಾನವಾಗಬೇಕು, ಆಗಲಿಲ್ಲ. ಕಾಲಡಿಯ ಹಲಗೆ ಬೇರೆ ಥರ ನಡುಗಿತು. ಮೂರು ಸಲ ಗಂಟೆ ಒತ್ತಿದೆ, ಎಂಜಿನ್ನಿನಿಂದ ಉತ್ತರವಿಲ್ಲ. ತುರ್ತು ಬ್ರೇಕಿನ ಹಿಡಿಗೆ ಅಡ್ಡವಾಗಿ ಆಟಿಕೆಗಳ ಕಪಾಟನ್ನು ಮೊಳೆ ಹೊಡೆದು ನಿಲ್ಲಿಸಿದ್ದರು, ಹಿಂದಕ್ಕೆ ಕೈ ಹೋಗುವಂತಿಲ್ಲ. ಉಳಿದದ್ದು ಹಳೆಯ ಕೈಬ್ರೇಕಿನ ಚಕ್ರ. ಜೋತುಬಿದ್ದು ತಿರುಗಿಸಿದೆ. ಆ ಎಳೆತಕ್ಕೆ ಮಾಮನಿಗೆ ಎಚ್ಚರವಾಗಿ ಅವರೂ ಬ್ರೇಕ್ ಹಾಕಿದರು. ದೊಡ್ಡ ತಿರುವಿಗೆ ಇನ್ನೂರು ಹೆಜ್ಜೆ ಇರುವಾಗ ಗಾಡಿ ನಿಂತಿತು.

ಹೌದು, ಎಚ್ಚರವಾಗಿ. ಹನ್ನೊಂದು ದಿನದಿಂದ ಒಂದು ರಜೆಯೂ ಇಲ್ಲದೆ ಅವರೊಬ್ಬರೇ ಓಡಿಸುತ್ತಿದ್ದರು. ನಾನು ಎಂಜಿನ್ ಹತ್ತಿದಾಗ ಮೊಣಕಾಲು ಹಿಡಿದು ಕೂತಿದ್ದರು. “ಕಣ್ ಮುಚ್ಚಿದ್ದೇ ಗೊತ್ತಾಗ್ಲಿಲ್ಲ ತಂಗಿ” ಎಂದರು.

ಒಳಗೆ ತೊಂಬತ್ತನಾಲ್ಕು ಜನ. ಯಾಕೆ ನಿಂತಿತು ಎಂದು ಯಾರೋ ಕೇಳಿದರು. ನಾನು ಮೈಕ್ ಎತ್ತಿಕೊಂಡು, ಈ ಕಣಿವೆಯ ಅತಿ ಚಂದದ ನೋಟ ಇದೇ, ಹತ್ತು ನಿಮಿಷ ನಿಲುಗಡೆ ಎಂದೆ. ಚಪ್ಪಾಳೆ ತಟ್ಟಿದರು. ಕೆಳಗಿಳಿದು ಫೋಟೊ ತೆಗೆದುಕೊಂಡರು. ಒಬ್ಬಾಕೆ ತನ್ನ ಮಗುವನ್ನು ನನ್ನ ಪಕ್ಕ ನಿಲ್ಲಿಸಿ ನಗಿ ಎಂದಳು. ನಕ್ಕೆ.

ಮರುದಿನ ಮ್ಯಾನೇಜರ್ ಒಂದು ಹಾಳೆ ಮುಂದಿಟ್ಟ. ಅದು ಮೊದಲೇ ಗೊತ್ತುಮಾಡಿದ್ದ ನಿಲುಗಡೆ ಎಂದು ಬರೆದಿತ್ತು. “ಗಾಡಿ ನಿಂತ್ರೆ ನಲವತ್ತು ಮನೆ ಒಲೆ ಉರಿಯಲ್ಲ, ಯೋಚ್ನೆ ಮಾಡಿ” ಎಂದ. ಮಾಮನೂ ನಾನೂ ಸಹಿ ಹಾಕಿದೆವು. ಅವರೊಬ್ಬರನ್ನೇ ಬಿಟ್ಟು ಬರಲು ಧೈರ್ಯವಾಗದೆ ರಜೆ ಬಿಟ್ಟುಕೊಟ್ಟೆ. ನೀನು ಆಸ್ಪತ್ರೆಯಲ್ಲಿ ನೋವು ತಿನ್ನುತ್ತಿದ್ದಾಗ ನಾನು ಜಲಪಾತ ತೋರಿಸುತ್ತಿದ್ದೆ.

ಗಾಡಿ ಹಾಗೆ ನಿಂತ ಎಂಟನೇ ದಿನ ಹೊಸ ಜಾಹೀರಾತು ಹಾಳೆ ಬಂತು. ಅದರಲ್ಲಿ ಆ ಜಾಗವೂ ಇತ್ತು, ‘ವಿಶೇಷ ಫೋಟೊ ನಿಲುಗಡೆ’ ಎಂದು. ಓದಿ ಸಾಕೆನಿಸಿತು. ಮಾರನೆಯ ದಿನ ಇಬ್ಬರೂ ಸುರಕ್ಷತಾ ಅಧಿಕಾರಿಯ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು.

ನಿನ್ನೆ ಆದೇಶ ಬಂತು. ಕಪಾಟು ತೆಗೆದು, ಇನ್ನಿಬ್ಬರು ಡ್ರೈವರುಗಳು ತಯಾರಾಗುವ ತನಕ ಗಾಡಿ ಓಡುವಂತಿಲ್ಲ. ಮೂರು ತಿಂಗಳಾದರೂ ಆದೀತು. ಮಾಮ ಇನ್ನು ಎಂಜಿನ್ ಹತ್ತುವಂತಿಲ್ಲ. ಪ್ಲಾಟ್‌ಫಾರಂನಲ್ಲಿ ಚಹಾ ಮಾರುವಾಕೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ. ಅವಳ ತಪ್ಪೆನ್ನಲಾರೆ. ಒಳ್ಳೆಯದು ಮಾಡಿದೆನೆಂಬ ಸಮಾಧಾನವೂ ನನಗೆ ಬಂದಿಲ್ಲ, ಸುಸ್ತು ಮಾತ್ರ ಬಂದಿದೆ.

ಗುರುವಾರದ ಬಸ್ಸಿಗೆ ಹೊರಡುತ್ತೇನೆ. ಬೈಯುವುದಿದ್ದರೆ ಬೈದುಬಿಡು, ಆದರೆ ಮೊದಲ ದಿನ ನನ್ನನ್ನು ನಿದ್ದೆ ಮಾಡಲು ಬಿಡು.

ನಿನ್ನ,
ಅಮ್ಮ

ತಾ.ಕ.: ಅಕ್ಷರ ನನ್ನದಲ್ಲವೆಂದು ಮೊದಲ ಸಾಲಿಗೇ ನಿನಗೆ ತಿಳಿದಿರುತ್ತದೆ. ಆ ಚಕ್ರ ಹಿಂದಕ್ಕೆ ಹೊಡೆದು ನನ್ನ ಬಲಗೈ ಮಣಿಕಟ್ಟಿನ ಮೂಳೆ ಬಿರುಕುಬಿಟ್ಟಿತ್ತು. ಉಳುಕು ಎಂದುಕೊಂಡು, ಬಟ್ಟೆ ಸುತ್ತಿ, ಎಂಟು ದಿನ ಗಾಡಿ ಹತ್ತಿದೆ. ಒಂಬತ್ತನೆಯ ಬೆಳಿಗ್ಗೆ ಚಕ್ರ ಹಿಡಿದು ನೋಡಿದರೆ ಅರ್ಧ ಸುತ್ತೂ ತಿರುಗಿಸಲಾಗಲಿಲ್ಲ. ಕಚೇರಿಗೆ ಹೋದದ್ದು ಆ ಭಯಕ್ಕೆ, ಜಾಹೀರಾತು ಓದಿ ಅಲ್ಲ. ಈ ಕಾಗದ ಬರೆದುಕೊಟ್ಟವರು ನಿನ್ನ ಡ್ರೈವರ್ ಮಾಮ. ತಮ್ಮ ನಿದ್ದೆಯ ಮಾತು ಬಂದಾಗ ಪೆನ್ನು ಕೆಳಗಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದು, ನಾನು ಹೇಳಿದ ಹಾಗೆಯೇ ಬರೆದರು. ನನ್ನ ಕೈಯ ವಿಷಯ ಬೇಡ ಅಣ್ಣ ಎಂದೆ. “ನನ್ ತಪ್ಪನ್ನ ನನ್ ಕೈಯಿಂದ್ಲೇ ಬರೆಸ್ದೆ ತಂಗಿ, ನಿಂದೂ ಬರ್ಲಿ” ಎಂದು ಬರೆಯುತ್ತಿದ್ದಾರೆ.